ತಪ್ಪಿರುವುದು 13ರಿಂದ ಅಲ್ಲ, 1ರಿಂದ

ಪ್ರಶ್ನೆ: ಸಣ್ಣ ಕಾರ್ಖಾನೆಯೊಂದರಲ್ಲಿ ಹಾಜರಾತಿ ಲೆಕ್ಕ ನೋಡಿಕೊಳ್ಳುತ್ತೇನೆ. ಬೆರಳಚ್ಚು ಮೆಷಿನ್ ಕೊಡುವ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದರೆ 2025ರ ಆಗಸ್ಟ್ 1ರಿಂದ 12ರವರೆಗೆ ತಾರೀಕು ಸರಿ ಇದೆ. 13ರಿಂದ ಮುಂದೆ ಫಾರ್ಮುಲಾ ಹಾಕಿದರೆ ವ್ಯಾಲ್ಯೂ ಎರರ್. ಕೆಲಸದ ದಿನ ಎಣಿಸುವ ನೆಟ್‌ವರ್ಕ್‌ಡೇಸ್ ಫಾರ್ಮುಲಾ ಹಾಕಿ ನೋಡಿದರೆ ತಿಂಗಳಿಗೆ 21 ದಿನ ಕೆಲಸ ಅನ್ನುತ್ತದೆ. ನಮಗೆ ವಾರದ ರಜೆ ಭಾನುವಾರ ಮಾತ್ರ. ಏನು ಮಾಡಲಿ?

ಉತ್ತರ: ನೀವು ಸರಿ ಅಂದುಕೊಂಡಿರುವ ಆ 12 ದಿನಗಳೇ ಕೆಟ್ಟಿರುವುದು! ನಿಮ್ಮ ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿದೆ, ಅಂದರೆ ತಿಂಗಳು ಮೊದಲು, ದಿನ ಆಮೇಲೆ. ಹಾಗಾಗಿ ಆಗಸ್ಟ್ 5 ಅಂತ ಮೆಷಿನ್ ಬರೆದ 5/8 ಅನ್ನು ಅದು ಮೇ 8 ಎಂದು ಓದಿಕೊಂಡಿದೆ. ನೋಡುವುದಕ್ಕೆ 5/8 ಎಂದೇ ಇರುವುದರಿಂದ ನಿಮಗೆ ಗೊತ್ತಾಗಿಲ್ಲ. ಪಾರಾಗಿರುವುದು ಆಗಸ್ಟ್ 8 ಒಂದೇ. 13ನೇ ತಿಂಗಳು ಇಲ್ಲವಲ್ಲ, ಅದಕ್ಕೇ ಅಲ್ಲಿಂದ ಮುಂದಿನದನ್ನು ಎಕ್ಸೆಲ್ ಬರೀ ಅಕ್ಷರ ಅಂತ ಬಿಟ್ಟಿದೆ.

ಅನುಮಾನವಿದ್ದರೆ ಆ ಕಾಲಮ್ಮಿನ ಫಾರ್ಮ್ಯಾಟನ್ನು ಜನರಲ್‌ಗೆ ಬದಲಾಯಿಸಿ. ಎಕ್ಸೆಲ್‌ಗೆ ತಾರೀಕು ಅಂದರೆ 1900ರ ಜನವರಿ 1ರಿಂದ ಎಣಿಸಿದ ಒಂದು ಸಂಖ್ಯೆ. ಆಗಸ್ಟ್ 5 ಆಗಿದ್ದರೆ 45874 ಬರಬೇಕು. ನಿಮ್ಮಲ್ಲಿ 45785 ಬರುತ್ತದೆ, ಅದು ಮೇ 8. 13ರಿಂದ ಮುಂದಿನ ಸಾಲುಗಳು ಸಂಖ್ಯೆಯೇ ಆಗುವುದಿಲ್ಲ.

ಈ ಶೀಟನ್ನು ರಿಪೇರಿ ಮಾಡಲು ಹೋಗಬೇಡಿ, ಸುಮ್ನೆ ತಲೆನೋವು. ಸೇವ್ ಮಾಡದೆ ಮುಚ್ಚಿ. ವಿಂಡೋಸ್ ಸೆಟ್ಟಿಂಗ್ಸ್‌ನ ರೀಜನ್‌ನಲ್ಲಿ ಇಂಗ್ಲಿಷ್ (ಇಂಡಿಯಾ) ಆರಿಸಿ, ಮೆಷಿನ್ ಕೊಟ್ಟ ಮೂಲ ಫೈಲನ್ನೇ ಮತ್ತೆ ತೆರೆಯಿರಿ. ಅದರ ಮೇಲೆ ಈಗಾಗಲೇ ಸೇವ್ ಮಾಡಿಬಿಟ್ಟಿದ್ದರೆ ಮೆಷಿನ್‌ನಿಂದ ಹೊಸದಾಗಿ ತೆಗೆದುಕೊಳ್ಳಿ. ಕಳೆದ ತಿಂಗಳುಗಳ ಸಂಬಳದ ಶೀಟನ್ನೂ ಒಮ್ಮೆ ನೋಡಿಬಿಡಿ.

ಇನ್ನು ಆ 21. ನೆಟ್‌ವರ್ಕ್‌ಡೇಸ್ ಕೇಳದೆಯೇ ಶನಿವಾರವನ್ನೂ ಕಳೆಯುತ್ತದೆ. ನಿಮಗೆ ಬೇಕಿರುವುದು:

=ನೆಟ್‌ವರ್ಕ್‌ಡೇಸ್.ಇಂಟ್ಲ್(ಮೊದಲ ದಿನ, ಕೊನೆಯ ದಿನ, 11, ರಜೆಪಟ್ಟಿ)

11 ಅಂದರೆ ಭಾನುವಾರ ಮಾತ್ರ ರಜೆ. ಅಷ್ಟಕ್ಕೇ 26 ಬರುತ್ತದೆ. ಸ್ವಾತಂತ್ರ್ಯ ದಿನ, 27ರ ಗಣೇಶನ ಹಬ್ಬ ಎರಡನ್ನೂ ರಜೆಪಟ್ಟಿಯಲ್ಲಿ ಬರೆದರೆ 24. ಪಟ್ಟಿಯ ತಾರೀಕುಗಳೂ ನಿಜವಾದ ತಾರೀಕುಗಳೇ ಆಗಿರಬೇಕು, ಅಕ್ಷರಗಳಲ್ಲ.

ನೈಟ್ ಶಿಫ್ಟ್ ಇದೆಯೋ ಇಲ್ಲವೋ ನೀವು ಹೇಳಿಲ್ಲ. ಇದ್ದರೆ, ರಾತ್ರಿ 10ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಹೋದವರ ಗಂಟೆ ಕಳೆದಾಗ ಬರೀ ಹ್ಯಾಶ್ ಗುರುತು ತುಂಬಿಕೊಳ್ಳುತ್ತದೆ. ಆಗ =ಮಾಡ್(ಹೋದ ಸಮಯ-ಬಂದ ಸಮಯ, 1) ಹಾಕಿ, 8 ಗಂಟೆ ಸರಿಯಾಗಿ ಬರುತ್ತದೆ.