ಗಡ್ಡೆ ಹೊಳೆದಷ್ಟನ್ನೂ ತೆಗೆದರೆ ಸಾಕೇ?

ನಿಮ್ಮ ಅಣ್ಣನಿಗೆ ಗ್ಲಿಯೋಬ್ಲಾಸ್ಟೋಮಾ, ಅಂದರೆ ಮಿದುಳಿನ ಒಂದು ಬಗೆಯ ಕ್ಯಾನ್ಸರ್ ಗಡ್ಡೆ, ಇರಬಹುದು ಅಂದಿದ್ದಾರೆ, ಆಪರೇಷನ್‌ಗೆ ಮುಂಚೆ ಏನೋ ಕುಡಿಸಿ ಗಡ್ಡೆ ಹೊಳೆಯುವ ಹಾಗೆ ಮಾಡುತ್ತಾರಂತೆ, ಹೊಳೆದದ್ದನ್ನೆಲ್ಲ ತೆಗೆದರೆ ಪೂರ್ತಿ ಹೋದಂತೆಯೇ ಎಂದು ಕೇಳಿದ್ದೀರಿ. ಪೂರ್ತಿ ಹೋದಂತಲ್ಲ. ಆದರೆ ಆ ಔಷಧಿ ತುಂಬ ಉಪಯೋಗಕ್ಕೆ ಬರುತ್ತದೆ. ನಾನು ನ್ಯೂರೋಸರ್ಜರಿ ಥಿಯೇಟರ್‌ನಲ್ಲಿ ನರ್ಸ್, ಆ ಬಾಟಲಿಯನ್ನು ಎಷ್ಟೋ ಸಲ ಕೈಯಾರೆ ಕಲಸಿದ್ದೇನೆ.

ಅದರ ಹೆಸರು 5-ಎಎಲ್‌ಎ. ಬಾಟಲಿಯಲ್ಲಿ 1.5 ಗ್ರಾಂ ಪುಡಿ ಇರುತ್ತದೆ, 50 ಮಿಲಿಲೀಟರ್ ನೀರಿನಲ್ಲಿ ಕರಗಿಸುತ್ತೇವೆ. ಕಿಲೋ ತೂಕಕ್ಕೆ 20 ಮಿಲಿಗ್ರಾಂ ಲೆಕ್ಕ. 60 ಕಿಲೋ ಇರುವವರಿಗೆ 40 ಮಿಲಿಲೀಟರ್. ಅರಿವಳಿಕೆಗೆ ಸುಮಾರು ಮೂರು ಗಂಟೆ ಮುಂಚೆ ಕುಡಿಸಬೇಕು. ಇದೇನೂ ಹೊರಗಿನ ಬಣ್ಣವಲ್ಲ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ತಯಾರಿಸಲು ದೇಹವೇ ಮಾಡಿಕೊಳ್ಳುವ ವಸ್ತು. ಗಡ್ಡೆಯ ಜೀವಕೋಶಗಳು ಇದನ್ನು ಪ್ರೋಟೋಪೋರ್ಫಿರಿನ್ ಆಗಿ ಬದಲಿಸುತ್ತವೆ. ಮುಂದೆ ಅದಕ್ಕೆ ಕಬ್ಬಿಣ ಸೇರಿಸುವ ಹಂತದಲ್ಲಿ ಅವು ಹಿಂದೆ ಬೀಳುವುದರಿಂದ ಅದು ಅಲ್ಲೇ ಶೇಖರವಾಗುತ್ತದೆ. ನೀಲಿ ಬೆಳಕು ಬಿಟ್ಟರೆ ಕೆಂಪಗೆ ಹೊಳೆಯುವುದು ಅದೇ.

ಮಾಮೂಲಿ ಬಿಳಿ ಬೆಳಕಿನಲ್ಲಿ ಗಡ್ಡೆಯ ಅಂಚು ಯಾವುದು, ಮಿದುಳು ಯಾವುದು ಎಂದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಎಂಆರ್‌ಐ ನಕ್ಷೆ ಪಕ್ಕದಲ್ಲೇ ಇರುತ್ತದೆ, ಆದರೆ ತಲೆಬುರುಡೆ ತೆರೆದು ಮಿದುಳಿನ ಸುತ್ತಲಿನ ದ್ರವ ಹರಿದುಹೋದ ಮೇಲೆ ಮಿದುಳು ಕುಸಿದು ಜರುಗುತ್ತದೆ, ನಕ್ಷೆ ಹಳತಾಗುತ್ತದೆ. ಆಗ ಥಿಯೇಟರ್ ದೀಪ ಆರಿಸಿ, ಮೈಕ್ರೋಸ್ಕೋಪನ್ನು ನೀಲಿಗೆ ತಿರುಗಿಸುತ್ತಾರೆ. ಸುತ್ತೆಲ್ಲ ಕಡು ನೀಲಿ, ನಡುವೆ ಬೂದಿ ಸರಿಸಿದ ಕೆಂಡದಂತೆ ಗಡ್ಡೆ. ಅಂಚಿನ ಕಡೆಗೆ ಅದು ತಿಳಿ ಗುಲಾಬಿಯಾಗುತ್ತ ಹೋಗುತ್ತದೆ. ಮೇಲೆ ತೆಳುವಾಗಿ ರಕ್ತ ಹರಡಿದರೂ ಸಾಕು, ಕೆಂಪು ಮಾಯ. ತೊಳೆದು ಮತ್ತೆ ನೋಡಬೇಕು. ರಕ್ತಸ್ರಾವ ಹಿಡಿಯಲು ಬಿಳಿ ಬೆಳಕಿಗೆ ವಾಪಸು ಬರಬೇಕು. ಹೀಗೆ ಗಂಟೆಗಟ್ಟಲೆ ನಡೆಯುತ್ತದೆ.

ಫಲ ಎಷ್ಟು? ಜರ್ಮನಿಯ ನ್ಯೂರೋಸರ್ಜನ್ ವಾಲ್ಟರ್ ಸ್ಟುಮ್ಮರ್ ಮತ್ತು ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಆರ್‌ಐನಲ್ಲಿ ಬೆಳ್ಳಗೆ ಕಾಣುವ ಗಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಾದದ್ದು ಈ ಔಷಧಿ ಕೊಟ್ಟವರಲ್ಲಿ ಶೇ. 65, ಬಿಳಿ ಬೆಳಕಿನಲ್ಲಿ ಮಾತ್ರ ಮಾಡಿದವರಲ್ಲಿ ಶೇ. 36. ಆರು ತಿಂಗಳಾದರೂ ಗಡ್ಡೆ ಮತ್ತೆ ಬೆಳೆಯದೆ ಇದ್ದವರು ಶೇ. 41 ಮತ್ತು ಶೇ. 21. ಆದರೆ ಒಟ್ಟು ಎಷ್ಟು ಕಾಲ ಬದುಕಿದರು ಅನ್ನುವುದರಲ್ಲಿ ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡುವುದು ನನಗೆ ಸರಿ ಅನಿಸುವುದಿಲ್ಲ. ಹೊಳೆಯುವ ಗೆರೆಯಾಚೆಗೂ ಬಿಡಿ ಜೀವಕೋಶಗಳು ಹರಡಿರುತ್ತವೆ. ಅದಕ್ಕೇ ಆಮೇಲೆ ರೇಡಿಯೇಷನ್, ಕೀಮೋ.

ಇನ್ನೊಂದು ಮಾತು. ಹೊಳೆದದ್ದನ್ನೆಲ್ಲ ತೆಗೆಯಲೇಬೇಕು ಎಂದೂ ಅಲ್ಲ. ಒಬ್ಬರನ್ನು ಎಚ್ಚರವಾಗಿಟ್ಟು ಆಪರೇಷನ್ ಮಾಡುತ್ತಿದ್ದೆವು. ಉಗುರಿನಷ್ಟು ಗುಲಾಬಿ ಉಳಿದಿತ್ತು. ಚಿತ್ರ ತೋರಿಸಿ ಹೆಸರು ಹೇಳಿಸುತ್ತ ಸರ್ಜನ್ ಅಲ್ಲಿಗೆ ಸಣ್ಣ ವಿದ್ಯುತ್ ತಾಗಿಸಿದರು. ಮಾತು ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ತಾಗಿಸಿದರು, ಮತ್ತೆ ನಿಂತಿತು. ಅಷ್ಟನ್ನು ಮುಟ್ಟದೆ ಬಿಟ್ಟರು. ಮರುದಿನ ಐಸಿಯುನಲ್ಲಿ ಅವರು ಪೂರ್ತಿ ವಾಕ್ಯದಲ್ಲಿ ನೀರು ಕೇಳಿದರು. ಆ ಗುಲಾಬಿ ಬಿಟ್ಟದ್ದು ಸರಿ ಎಂದೇ ನಾನು ಇವತ್ತಿಗೂ ನಂಬುತ್ತೇನೆ.

ನಿಮ್ಮ ಆಸ್ಪತ್ರೆಯಲ್ಲಿ ಯಾರಾದರೂ ಹಳದಿ ಬಣ್ಣ ಕೊಡುತ್ತೇವೆ ಅಂದರೆ ಅದು ಫ್ಲೋರೆಸೀನ್, ಬೇರೆ ವಸ್ತು. ರಕ್ತನಾಳಕ್ಕೆ ಕೊಡುತ್ತಾರೆ, ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆ ಒಡೆದ ಕಡೆ ಸೋರಿ ನಿಲ್ಲುತ್ತದೆ. ಗಡ್ಡೆಯ ಜೀವಕೋಶವನ್ನೇ ಗುರುತಿಸುವ ಶಕ್ತಿ ಅದಕ್ಕಿಲ್ಲ.

ಅಣ್ಣನಿಗೆ ಅಥವಾ ಮನೆಯಲ್ಲಿ ಯಾರಿಗಾದರೂ ಪೋರ್ಫೀರಿಯಾ (ಹೀಮ್ ತಯಾರಿಕೆಯೇ ಸರಿಯಾಗಿ ನಡೆಯದ ಕಾಯಿಲೆ) ಇದ್ದರೆ, ಯಾವುದೇ ಆಂಟಿಬಯೋಟಿಕ್ ನಡೆಯುತ್ತಿದ್ದರೆ ಮುಂಚೆಯೇ ಹೇಳಿ. ಕುಡಿದ ಮೇಲೆ ಒಂದೆರಡು ದಿನ ಚರ್ಮಕ್ಕೆ ಬಿಸಿಲು, ಜೋರು ದೀಪ ತಾಗಬಾರದು. ವಾರ್ಡ್‌ನಲ್ಲಿ ಪರದೆ ಎಳೆದಿದ್ದರೆ ತೆರೆಯಬೇಡಿ. ಸರ್ಜನ್ ಸಿಕ್ಕಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: ಮಾತಿನ ಭಾಗದ ಹತ್ತಿರ, ಕೈಕಾಲು ಆಡಿಸುವ ಭಾಗದ ಹತ್ತಿರ ಕೆಂಪು ಕಂಡರೆ ಏನು ಮಾಡುತ್ತೀರಿ? ಅಣ್ಣನಿಗೆ ಮಾತಾಡಲು ಆಗುತ್ತಿರುವಾಗಲೇ, ಅವರನ್ನೂ ಕೂರಿಸಿಕೊಂಡು ಕೇಳಿ. ಎಷ್ಟು ಉಳಿಸಬೇಕು ಅನ್ನುವುದರಲ್ಲಿ ಅವರದೂ ಮಾತಿರಲಿ.