ಇಳಕಲ್ ಸೀರೆಗೆ ಒಂದೇ ಸ್ಟಾರ್ ಯಾಕೆ ಅಂತ ಕೇಳಿದ ತಂಗಿಗೆ

ಗುಂಪಲ್ಲಿ ನೀನು ಹಾಕಿದ ಸ್ಕ್ರೀನ್‌ಶಾಟ್ ನೋಡಿ ನಗು ಬಂತು ತಂಗಿ, ಬೇಜಾರು ಮಾಡ್ಕೋಬೇಡ. ನಕ್ಕಿದ್ದು ನನ್ನ ಹಳೇ ಅವತಾರ ನೆನಪಾಗಿ. ಡಿಟಿಐನಲ್ಲಿ (‘ಡ್ರೆಸ್ ಟು ಇಂಪ್ರೆಸ್’, ಕೊಟ್ಟ ಥೀಮ್‌ಗೆ ಮಾಡೆಲ್‌ಗೆ ಬಟ್ಟೆ ಹಾಕಿ ರನ್‌ವೇ ಮೇಲೆ ನಡೆಸೋ, ಜೊತೆ ಆಡೋರೇ ಸ್ಟಾರ್ ಹಾಕೋ ರೋಬ್ಲಾಕ್ಸ್ ಆಟ) ‘ಟ್ರೆಡಿಷನಲ್’ ಥೀಮ್ ಬಂತು ಅಂತ ಇಳಕಲ್ ಉಡಿಸಿದ್ದೀಯ, ಗೋಮಿ ದಡಿಗೆ (ಇಳಕಲ್‌ನ ಒಂದು ಬಗೆಯ ಅಂಚು) ಹತ್ತಿರದ ಪ್ಯಾಟರ್ನ್ ಹುಡುಕ್ತಾ ಅರ್ಧ ಟೈಮ್ ಕಳೆದಿದ್ದೀಯ, ಕೊನೆಗೆ ಪೋಡಿಯಂ ಹೋಗಲಿ, ಕೆಳಗಿಂದ ಎರಡನೇ ಜಾಗ. ‘ಇವರಿಗೆ ನಮ್ಮ ಸೀರೆ ಬೆಲೆ ಗೊತ್ತಿಲ್ಲ’ ಅಂತ ಬೇರೆ ಬರೆದಿದ್ದೀಯ. ಗೊತ್ತಿಲ್ಲ, ಒಪ್ಪಿದೆ. ಗೊತ್ತಾಗೋ ಹಾಗೆ ನೀನು ತೋರಿಸಿದ್ದೀಯಾ?

ನಾನು ಮಾಡಿದ ಘನಕಾರ್ಯ ಕೇಳು. ಅದೇ ಥರದ ಥೀಮ್. ಎಲ್ಲರೂ ಲೆಹೆಂಗಾ ಹಾಕ್ತಾರೆ, ನಾನು ಕೊಡಗಿನ ಸೀರೆ ಉಡಿಸ್ತೀನಿ ಅಂತ ಹೊರಟೆ. ಕೊಡಗಿನವರ ನೆರಿಗೆ ಹಿಂದೆ ಇರುತ್ತಲ್ಲ, ಕಾವೇರಿ ಹರಿದ ರಭಸಕ್ಕೆ ನೆರಿಗೆ ಹಿಂದಕ್ಕೆ ತಿರುಗಿತು ಅಂತ ಕಥೆ ಇದೆಯಲ್ಲ, ಅದನ್ನೇ ತೋರಿಸಬೇಕು ಅಂತ ಹಠ. ಸ್ಕರ್ಟ್ ಮೇಲೆ ಸ್ಕರ್ಟ್ ಹಾಕಿ, ತೆಗೆದು, ಬಟ್ಟೆಯ ಆಕಾರ ಬದಲಿಸೋ ಟಾಗಲ್ ಒತ್ತಿ, ಹಿಂಭಾಗದಲ್ಲಿ ನೆರಿಗೆ ಥರ ಏನೋ ಒಂದು ಬರೋ ಹೊತ್ತಿಗೆ ಸಿಗೋ ಸುಮಾರು ಐದು ನಿಮಿಷದಲ್ಲಿ ನಾಲ್ಕು ಖಾಲಿ. ಜೋಮಾಲೆ, ಕೊಕ್ಕೆತಾತಿ ಅಂದ್ಕೊಂಡು ಎರಡು ಸರ ಪೇರಿಸಿದೆ. ತಲೆಗೆ ವಸ್ತ್ರ ಕಟ್ಟೋಕೆ ಟೈಮೇ ಸಿಗಲಿಲ್ಲ. ಕೂದಲಿಗೆ ಬಣ್ಣ ಹಾಕಿಲ್ಲ, ಕಾಲಿಗೆ ಚಪ್ಪಲಿ ಇಲ್ಲ. ರನ್‌ವೇ ಮೇಲೆ ನನ್ನ ಮಾಡೆಲ್ ನೆಟ್ಟಗೆ ಮುಂದಕ್ಕೆ ನಡೆದು ಬಂದು ನಿಂತಳು. ನೆರಿಗೆ ಹಿಂದೆ! ಮುಂದಿಂದ ನೋಡಿದವರಿಗೆ ಕಂಡಿದ್ದು ಬರಿಗಾಲಲ್ಲಿ ಮರೂನ್ ಮೂಟೆ ಹೊತ್ತ ಹುಡುಗಿ. ಪಕ್ಕದಲ್ಲಿ ಕೂತಿದ್ದ ಅಣ್ಣನ ಮಗಳು ‘ಅತ್ತೆ, ಇದು ನೈಟಿನಾ?’ ಅಂದಳು.

ಆವತ್ತಿಂದ ನನ್ನದು ಒಂದೇ ಪದ್ಧತಿ: ಕಣ್ಣು ಅರ್ಧ ಮುಚ್ಚಿ ನೋಡೋದು. ಕಲರ್ ವೀಲ್‌ಗೆ ಹೋಗೋ ಮೊದಲೇ ಕ್ಯಾಮೆರಾ ದೂರ ಎಳೆದು, ಕಣ್ಣು ಕಿರಿದು ಮಾಡಿ ನೋಡು. ಬರೀ ಆಕಾರದಿಂದಲೇ ಸೀರೆ ಅಂತ ಹೊಳೀಬೇಕು. ಹೊಳೀಲಿಲ್ಲ ಅಂದ್ರೆ ಮೇಲೆ ಎಷ್ಟು ಕಸೂತಿ ಹಾಕಿದ್ರೂ ದಂಡ. ಓಟು ಹಾಕೋರು ನಮ್ಮ ಜೊತೆ ಆಡ್ತಿರೋರೇ ತಾನೆ, ಯಾವುದೋ ದೇಶದ ಮಗು ಒಡೆದ ಸ್ಕ್ರೀನ್‌ನ ಫೋನ್ ಹಿಡ್ಕೊಂಡು ಕೂತಿರುತ್ತೆ. ಅದಕ್ಕೆ ಇರೋದು ಕೆಲವೇ ಸೆಕೆಂಡು. ಅಷ್ಟರಲ್ಲಿ ದಡಿ ಚಿಕ್ಕಿ ಪರಾಸಾ ಗೋಮಿಯಾ ಅಂತ ಯಾರು ನೋಡ್ತಾರೆ?

ಹಾಗಾದ್ರೆ ಇಳಕಲ್‌ನಲ್ಲಿ ದೂರಕ್ಕೆ ಕಾಣೋದು ಏನು? ಸೆರಗು. ಒಡಲೇ ಬೇರೆ ಬಣ್ಣ, ಕೆಂಪು ಸೆರಗೇ ಬೇರೆ. ಮಗ್ಗದಲ್ಲೂ ಒಡಲಿನ ಹಾಸು (ಉದ್ದಕ್ಕೆ ಹಾಕೋ ಎಳೆ), ಸೆರಗಿನ ಹಾಸು ಬೇರೆ ಬೇರೆ ಮಾಡಿ ಕೊಂಡಿ ಹಾಕಿ ಜೋಡಿಸ್ತಾರೆ. ನೀನು ಮಾಡಿದ್ದೇನು? ಒಡಲಿಗೂ ಸೆರಗಿಗೂ ಒಂದೇ ಕಡುನೀಲಿ. ಇಳಕಲ್‌ನ ಗುರುತನ್ನೇ ಅಳಿಸಿ ಹಾಕಿದೆ! ಮುಂದಿನ ಸಲ ಒಡಲು ನೀಲಿ, ಎಡಭುಜದಿಂದ ಇಳಿಯೋ ತುಂಡು ಕಡುಗೆಂಪು, ಅಂಚಿಗೆ ಒಂದು ಬಿಳಿ. ಸಾಕು. ಸ್ಕರ್ಟ್ ಅಗಲವಾಗಿ ಹರಡಿಕೊಳ್ಳೋದು ತಗೋಬೇಡ, ಅದು ಗೌನ್ ಆಗುತ್ತೆ. ಕೆಳಗೆ ನೇರ ಇಳಿಯೋದು ನೋಡು. ಬ್ಲೌಸ್‌ಗೆ ಮೊಣಕೈವರೆಗೆ ತೋಳಿರಲಿ. ಸೆರಗಿನ ತುಂಡು ಬೇರೆ ಬಟ್ಟೆಯೊಳಗೆ ಹೂತು ಹೋಗುತ್ತಾ ಅಂತ ಒಂದು ಸಲ ಸುತ್ತ ತಿರುಗಿಸಿ ನೋಡ್ಕೋ, ಅಪ್‌ಡೇಟ್ ಬಂದಮೇಲೆ ಮೊದಲು ಸರಿಯಾಗಿ ಕೂರ್ತಿದ್ದ ತುಂಡೇ ಕೆಲವೊಮ್ಮೆ ಮೋಸ ಮಾಡುತ್ತೆ.

ಚಿನ್ನದ ಬಣ್ಣದ ವಿಷಯ. ಅಚ್ಚ ಹಳದಿ ಹಾಕಿದ್ರೆ ಜಾತ್ರೆ ಪ್ಲಾಸ್ಟಿಕ್ ಬಳೆ ಥರ ಕಾಣುತ್ತೆ. ಹಳದಿಯಿಂದ ಸ್ವಲ್ಪ ಕಿತ್ತಳೆ ಕಡೆ ಸರಿಸಿ, ಆಮೇಲೆ ಒಂಚೂರು ಕಪ್ಪು ಮಾಡು. ಸರ, ಓಲೆ, ಸೊಂಟದ ಪಟ್ಟಿ, ಚಪ್ಪಲಿ ಎಲ್ಲಕ್ಕೂ ಅದೇ ಚಿನ್ನ ಇರಲಿ. ನಿನ್ನ ಫೋಟೋದಲ್ಲಿ ಮೂರು ಥರದ ಚಿನ್ನ ಇದೆ, ಒಂದಂತೂ ಸಾಸಿವೆ.

ಮೇಲಿನ ಕಾಮೆಂಟಲ್ಲಿ ಯಾರೋ ‘ವಿಐಪಿ ತಗೊಳ್ಳಿ, ಗೆಲ್ತೀರ’ ಅಂದಿದ್ದಾರೆ, ದುಡ್ಡು ಕೊಟ್ರೆ ಬೇರೆ ಬಟ್ಟೆಗಳಿರೋ ರೂಮಿಗೆ ಬಿಡೋ ಪಾಸ್ ಅದು. ಸುಮ್ನಿರಪ್ಪ. ನಾನು ಆಸೆ ಬಿದ್ದು ರೋಬಕ್ಸ್ (ನಿಜವಾದ ದುಡ್ಡು ಕೊಟ್ಟು ಕೊಳ್ಳೋ ರೋಬ್ಲಾಕ್ಸ್ ನಾಣ್ಯ) ಸುರಿದು ತಗೊಂಡೆ, ಆಮೇಲೆ ಆ ರೂಮಿನಲ್ಲಿ ಏನಿದೆ ಅಂತ ನೋಡ್ತಾ ನೋಡ್ತಾ ಟೈಮ್ ಮುಗಿದು ಇನ್ನೂ ಹೆಚ್ಚು ಸೋತೆ. ಪುಕ್ಕಟೆ ಸಿಗೋ ಬಟ್ಟೆ ಎಲ್ಲೆಲ್ಲಿ ನೇತು ಹಾಕಿದ್ದಾರೆ ಅಂತ ಮೊದಲು ಬಾಯಿಪಾಠ ಆಗಲಿ. ಸ್ಪರ್ಧೆ ಇಲ್ಲದೆ ಆಡೋ ಫ್ರೀಪ್ಲೇಗೆ ಹೋಗಿ ಒಂದು ಸಂಜೆ ಸುಮ್ಮನೆ ಸುತ್ತು. ದುಡ್ಡು ಹಾಕಲೇಬೇಕು ಅನ್ನಿಸಿದ್ರೆ ಬಟ್ಟೆಗಿಂತ ಕಸ್ಟಮ್ ಮೇಕಪ್ ವಾಸಿ ಅನ್ನೋದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ. ‘ಫ್ರೀ ರೋಬಕ್ಸ್’ ಲಿಂಕ್ ಮಾತ್ರ ಯಾರು ಕಳಿಸಿದ್ರೂ ಮುಟ್ಟಬೇಡ. ಅಪ್ಪನ ಫೋನಲ್ಲಿ ಆಡೋ ಹುಡುಗರು ಇದ್ದೀರಲ್ಲ, ನಿಮಗೇ ಹೇಳ್ತಿರೋದು. ಅಪ್ಪನ ಯುಪಿಐ ಕೂಡ ಅದೇ ಫೋನಲ್ಲಿದೆ.

ಹೊರದೇಶದ ಥೀಮ್‌ಗೂ ಇದೇ ಲೆಕ್ಕ. 1920ರ ದಶಕ ಬಂತು ಅನ್ಕೋ. ಆಗಿನ ಉಡುಪಲ್ಲಿ ಸೊಂಟದ ಗೆರೆ ಸೊಂಟದಲ್ಲಿ ಇರ್ತಿರಲಿಲ್ಲ, ಕೆಳಗೆ ಇಳಿದಿರ್ತಿತ್ತು, ಮೈ ನೇರಕ್ಕೆ ಕಾಣ್ತಿತ್ತು. ಅದನ್ನ ಮಾಡು, ಚೆನ್ನಾಗೇ ಕಾಣುತ್ತೆ. ಆದರೆ ಗಿಡ್ಡ ಬಾಬ್ ಕೂದಲು, ಹಣೆಪಟ್ಟಿಯಲ್ಲಿ ಗರಿ, ಉದ್ದನೆ ಮುತ್ತಿನ ಸರ ಇಲ್ಲದೆ ಹೋದ್ರೆ ಹತ್ತರಲ್ಲಿ ಒಬ್ಬರಿಗೂ ಗೊತ್ತಾಗಲ್ಲ. ವೈ2ಕೆಗೆ (2000ನೇ ಇಸವಿ ಆಸುಪಾಸಿನ ಫ್ಯಾಶನ್) ಕೆಳಗಿಳಿದ ಪ್ಯಾಂಟು, ಪುಟ್ಟ ಬ್ಯಾಗು, ಗುಲಾಬಿ. ರಾಯಲ್ಟಿಗೆ ಕಿರೀಟ ಬೇಕೇಬೇಕು. ನಮ್ಮ ಮೈಸೂರು ಪೇಟ ಕಟ್ಟೋಕೆ ಹೋಗಬೇಡ, ನಾನು ಕಟ್ಟಿ ನೋಡಿದ್ದೀನಿ, ಟವೆಲ್ ಸುತ್ತಿಕೊಂಡು ಸ್ನಾನದಿಂದ ಬಂದ ಹಾಗಿತ್ತು. ಕಡುಬಣ್ಣ ನಿನ್ನ ಒಳ್ಳೇ ಫೋನಲ್ಲಿ ಮಿನುಗಬಹುದು, ಅಗ್ಗದ ಫೋನಲ್ಲಿ ಎಲ್ಲಾ ಕಪ್ಪೇ. ಅದಕ್ಕೆ ನನ್ನದು ಯಾವಾಗಲೂ ಅಂದ್ಕೊಂಡಿದ್ದಕ್ಕಿಂತ ಒಂದು ಮಟ್ಟ ತಿಳಿ ಬಣ್ಣ.

ಪೋಸ್ ಬಗ್ಗೆ ಯಾರೂ ಹೇಳಲ್ಲ. ಎದೆಗೆ ಅಡ್ಡ ಕೈ ಕಟ್ಟೋ ಪೋಸ್ ಕೊಟ್ರೆ ಸೆರಗೇ ಮುಚ್ಚಿ ಹೋಗುತ್ತೆ. ಮೊದಲನೇದು ಸುಮ್ಮನೆ ನೆಟ್ಟಗೆ ನಿಲ್ಲೋದು, ಎರಡನೇದು ಎಡಗೈ ಆಚೆ ಹೋಗೋ ಯಾವುದಾದ್ರೂ. ಕುಣಿಯೋದು ಕೊನೆಗೆ. ಮತ್ತೆ, ಬೇರೆಯವರಿಗೆಲ್ಲ ಒಂದೊಂದೇ ಸ್ಟಾರ್ ಒತ್ತಿ ತಾನು ಗೆಲ್ಲೋ ಬುದ್ಧಿ ಈ ಗುಂಪಲ್ಲೇ ಕೆಲವರಿಗಿದೆ, ಹೆಸರು ಹೇಳಲ್ಲ.

ಮಲ್ಲಿಗೆ ಹೇಗೆ ಮುಡಿಸೋದು ಅಂತಾನೂ ಕೇಳಿದ್ದೆಯಲ್ಲ. ಜಡೆ ಬೇಡ, ಬೆನ್ನ ಹಿಂದೆ ಹೋಗುತ್ತೆ, ನನ್ನ ನೆರಿಗೆ ಕಥೆಯೇ ಆಗುತ್ತೆ. ತುರುಬು ಹಾಕಿ, ತಲೆಗೆ ಹಾಕೋ ಹೂವಿನ ಅಲಂಕಾರ ಯಾವುದಾದ್ರೂ ತಗೊಂಡು ಕಿವಿ ಪಕ್ಕದಿಂದ ಕಾಣೋ ಹಾಗೆ ಇರೋದನ್ನೇ ಆರಿಸು. ಬಣ್ಣ ಅಪ್ಪಟ ಬಿಳಿ ಕೊಡಬೇಡ, ರನ್‌ವೇ ಬೆಳಕಿಗೆ ಹತ್ತಿಯುಂಡೆ ಥರ ಕಾಣುತ್ತೆ. ಹಾಲಿಗೆ ಒಂದು ಎಸಳು ಕೇಸರಿ ಹಾಕಿದಷ್ಟು ಹಳದಿ ಸೇರಿಸು.