ಆ ದವಡೆಯ ಸಾಲನ್ನು ಮತ್ತೆ ಬರೆಯಿರಿ

ನಮಸ್ಕಾರ. ಸುಮಾರು 25 ಕೋಟಿ ವರ್ಷಗಳ ಹಿಂದೆ ದಕ್ಷಿಣ ಆಫ್ರಿಕಾ, ಅಂಟಾರ್ಕ್ಟಿಕಾಗಳಲ್ಲಿ ಬದುಕಿದ್ದ, ಸಸ್ತನಿಗಳ ಹಳೆಯ ಸಂಬಂಧಿಯಾದ ತ್ರಿನಾಕ್ಸೊಡಾನ್ ಎಂಬ ಪ್ರಾಣಿಯ ಬಗೆಗಿನ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಮೂರು ಸಾಲುಗಳು ಸರಿಯಾಗದೆ ಇದನ್ನು ಪ್ರಕಟಿಸಲಾರೆ.

"ಕಾಲಕ್ರಮೇಣ ದವಡೆಯ ಮೂಳೆಗಳು ಜಾರಿ ಕಿವಿ ಸೇರಿದವು" ಎಂದಿದ್ದೀರಿ. ಯಾವ ಮೂಳೆಗಳು? ಜಾರುವ ಮೊದಲು ಅವು ಏನು ಮಾಡುತ್ತಿದ್ದವು? ಲೇಖನದ ತಿರುಳೇ ಇಲ್ಲಿದೆ, ಅದನ್ನು ಆರು ಪದಗಳಲ್ಲಿ ದಾಟಿಬಿಟ್ಟಿದ್ದೀರಿ. ಅದರ ಮುಂದಿನ ಸಾಲಿನಲ್ಲಿ ಈ ಪ್ರಾಣಿಗೆ "ನಮ್ಮಂಥದೇ ಕಿವಿ" ಕೊಟ್ಟಿದ್ದೀರಿ. ಅದು ತಪ್ಪು.

ತ್ರಿನಾಕ್ಸೊಡಾನ್‌ನ ಕೆಳದವಡೆಯಲ್ಲಿ ಹಲ್ಲು ಹೊತ್ತ ಡೆಂಟರಿ ಮೂಳೆ ದೊಡ್ಡದಾಗಿತ್ತು, ನಿಜ. ಆದರೆ ಅದರ ಒಳಮೈಯ ತೋಡಿನಲ್ಲಿ, ಹಿಂಬದಿಗೆ, ಸಣ್ಣ ಮೂಳೆಗಳ ಕಟ್ಟೊಂದಿತ್ತು. ಆ ಕಟ್ಟಿನ ತುದಿಯ ಆರ್ಟಿಕ್ಯುಲರ್ ಮೂಳೆ ತಲೆಬುರುಡೆಯ ಕ್ವಾಡ್ರೇಟ್‌ಗೆ ಕೂಡಿಕೊಂಡು ದವಡೆಯ ಕೀಲಾಗಿತ್ತು. ಇವೆರಡನ್ನೂ ಕಿವಿಗೆ ಕಳಿಸಿಬಿಟ್ಟರೆ ಪಾಪ, ಅದು ಬಾಯಿ ತೆರೆಯುವುದು ಹೇಗೆ?

ಉತ್ತರ ಸಿಗುವುದು ಸುಮಾರು 20 ಕೋಟಿ ವರ್ಷ ಹಿಂದಿನ, ಸಸ್ತನಿಗಳಿಗೆ ಇನ್ನಷ್ಟು ಹತ್ತಿರದ ಮಾರ್ಗನುಕೋಡಾನ್ ಎಂಬ ಪ್ರಾಣಿಯಲ್ಲಿ. ಅಲ್ಲಿ ಡೆಂಟರಿ ಹಿಂದಕ್ಕೆ ಬೆಳೆದು ತಲೆಬುರುಡೆಯ ಸ್ಕ್ವಾಮೋಸಲ್ ಮೂಳೆಗೆ ತಾಗಿ ಹೊಸ ಕೀಲಾಯಿತು. ಹಳೆಯದೂ ಅದರ ಪಕ್ಕದಲ್ಲೇ ಉಳಿಯಿತು. ಅಗಿಯುವ ಭಾರವನ್ನು ಹೊಸ ಕೀಲು ಹೊತ್ತ ಮೇಲೆ ಹಳೆಯ ಮೂಳೆಗಳು ಇನ್ನಷ್ಟು ಸಣ್ಣದಾಗಬಹುದಿತ್ತು. ಮುಂದೆ ಸಸ್ತನಿಗಳ ನಡುಗಿವಿಯಲ್ಲಿ ಆರ್ಟಿಕ್ಯುಲರ್ ಸುತ್ತಿಗೆ ಮೂಳೆಯಾಯಿತು, ಕ್ವಾಡ್ರೇಟ್ ಅಡಿಗಲ್ಲು ಮೂಳೆಯಾಯಿತು, ದವಡೆಯ ಆ ಕಟ್ಟಿನದೇ ಆದ ಆಂಗ್ಯುಲರ್ ಮೂಳೆ ಕಿವಿತಮಟೆ ಹಿಡಿದ ಉಂಗುರವಾಯಿತು. ನಡುಗಿವಿಯ ಮೂರನೆಯ ಮೂಳೆ ರಿಕಾಪು ಅದಕ್ಕೂ ಮೊದಲೇ ಕಿವಿಯಲ್ಲಿತ್ತು, ಅದನ್ನು ಜಾರಿಸಬೇಡಿ. ಜರ್ಮನಿಯ ಅಂಗರಚನಾ ತಜ್ಞ ರೈಕರ್ಟ್ 1837ರಲ್ಲೇ ಭ್ರೂಣಗಳನ್ನು ನೋಡಿ ಈ ಮೂಳೆಗಳ ನಂಟನ್ನು ಗುರುತಿಸಿದ್ದರು. ಇಷ್ಟು ಸೊಗಸಾದ ಸಂಗತಿ ನಿಮ್ಮ ಲೇಖನದಲ್ಲಿ ಇಲ್ಲವಲ್ಲ ಎಂದು ನನಗೆ ನಿಜವಾಗಿ ಬೇಸರವಾಯಿತು.

ನಾನು ವಿಜ್ಞಾನ ಬರೆಯಲು ಕಲಿಯುವಾಗ ಹಿರಿಯರೊಬ್ಬರು ಹೇಳಿಕೊಟ್ಟ ಪದ್ಧತಿ ಇದು: ಮೂಳೆ ಬದಲಾಯಿತು ಎನ್ನುವ ಮೊದಲು ಅದರ ಹೆಸರಿನ ಎದುರು ಹಳೆಯ ಕೆಲಸ, ಹೊಸ ಕೆಲಸ, ನಡುವೆ ಆ ಹಳೆಯ ಕೆಲಸವನ್ನು ಹೊತ್ತ ಮೂಳೆ ಯಾವುದು ಎಂದು ಬರೆದುಕೊಳ್ಳಬೇಕು. ಮೂರನೆಯ ಕಲಂ ಖಾಲಿ ಉಳಿದರೆ ಆ ವಾಕ್ಯ ಇನ್ನೂ ಸಿದ್ಧವಾಗಿಲ್ಲ.

ಇನ್ನು "ಬೆಕ್ಕಿನಂತೆ ಮೀಸೆಯಿತ್ತು" ಎಂಬ ಸಾಲು. ನಮಗೆ ಸಿಕ್ಕಿರುವುದು ಮೂತಿಯ ಮೂಳೆಯಲ್ಲಿನ ಸಣ್ಣ ರಂಧ್ರಗಳು ಮಾತ್ರ. ಮೀಸೆಯೇ ಇಲ್ಲದ ಇಂದಿನ ಕೆಲವು ಹಲ್ಲಿಗಳಲ್ಲೂ ಅಂಥವಿವೆ. "ಇದ್ದಿರಬಹುದು" ಎಂದು ಬರೆದು ರಂಧ್ರಗಳ ವಿಷಯವನ್ನೂ ಹೇಳಿ.

ತಿದ್ದಿ ಕಳಿಸುವಾಗ ಎರಡೂ ಪ್ರಾಣಿಗಳ ಕೆಳದವಡೆಯ ಚಿತ್ರಗಳನ್ನು ಒಂದೇ ಉದ್ದಕ್ಕೆ ತಂದು ಜೊತೆಗಿಡಿ. ಒಳಮೈ ಕಾಣುವ ಚಿತ್ರಗಳೇ ಬೇಕು; ಹೊರಗಿನಿಂದ ಬಹುಪಾಲು ಡೆಂಟರಿಯೊಂದೇ ಕಾಣುತ್ತದೆ.